ಚಂದಾ ಕಟ್ಟುವ ಕೈ, ಕರೆನ್ಸಿ ಹಾಕಿಸುವ ಕೈ

ಚನ್ನಗಿರಿ ಕಡೆಯ ನಂಟರ ಮನೆಯಲ್ಲಿ ಬೆಳಗಾದರೆ ಮೊದಲು ಕೈಗೆ ಬರುವುದು ಮೊಬೈಲ್. ರಾಶಿ ಅಡಿಕೆಯ ಧಾರಣೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಪುಕ್ಕಟೆಯಾಗಿ ಬಂದದ್ದು ಮರುದಿನಕ್ಕೆ ಹಳತು. ಅದೇ ಮನೆಯ ಗೋಡೆಗೂಡಿನಲ್ಲಿ ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆಗಳ ಕಟ್ಟು ಇದೆ. ಒಂದು ಸಂಚಿಕೆಯ ಪುಟದ ತುದಿ ಮಡಚಿದ್ದಾರೆ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಔಷಧಿಯ ಅಳತೆ ಬರೆದುಕೊಂಡಿದ್ದಾರೆ. ಇದಕ್ಕೆ ಅವರು ದುಡ್ಡು ಕೊಟ್ಟಿದ್ದಾರೆ.

ಓದುಗ ಯಾವುದಕ್ಕೆ ಕಾಸು ಬಿಚ್ಚುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಆ ಮಡಚಿದ ಪುಟದಲ್ಲಿದೆ. ಬಂದು ಹೋಗುವುದಕ್ಕೆ ಅವನು ಕೊಡುವುದಿಲ್ಲ, ಮನೆಯಲ್ಲಿ ಉಳಿಯುವುದಕ್ಕೆ ಕೊಡುತ್ತಾನೆ.

‘ಅಡಿಕೆ ಪತ್ರಿಕೆ’ 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿತು. ಶ್ರೀಪಡ್ರೆ ಮತ್ತು ಸಂಗಡಿಗರು ‘ಕೃಷಿಕರ ಕೈಗೆ ಲೇಖನಿ’ ಎಂದು ಹೊರಟು, ತೋಟದಲ್ಲಿ ದುಡಿಯುವವರಿಂದಲೇ ಬರೆಸಿದರು. ಕರಾವಳಿಯ ಬೆಳೆಗಾರನೊಬ್ಬ ಮಾಡಿ ನೋಡಿದ್ದನ್ನು ಚನ್ನಗಿರಿ, ನ್ಯಾಮತಿಯ ತೋಟದವನೂ ನಂಬಿ ಓದಬಹುದು. ಬರೆದವನೂ ಓದುವವನೂ ಒಂದೇ ಕಸುಬಿನವರಾದಾಗ ಚಂದಾ ಹೊರೆ ಅನ್ನಿಸುವುದಿಲ್ಲ.

ಓದುಗರ ದುಡ್ಡಿನ ಬಲ ಏನೆಂದು ಈ ಸೀಮೆಗೆ ಮೊದಲೇ ಗೊತ್ತು. ಚನ್ನಗಿರಿ, ಹೊನ್ನಾಳಿಗಳು 1997ರವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದಾಗ ಜಾಹೀರಾತು ಬೇಡವೆಂದರು. ಅಂಗಡಿಯಲ್ಲಿ ಕೊಂಡವರ ಚಿಲ್ಲರೆಯಿಂದಲೇ ಪತ್ರಿಕೆ ನಡೆಯಿತು, ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸಿತು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದರು. ಕನ್ನಡಿಗರು ಕೊಂಡು ಓದುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕಾಗದದ ಪತ್ರಿಕೆಗೆ ಇನ್ನೂ ಕೆಲವು ಅನುಕೂಲಗಳಿವೆ. ‘ಸುಧಾ’, ‘ತರಂಗ’ ವಾರಕ್ಕೊಮ್ಮೆ, ‘ಮಯೂರ’, ‘ಕಸ್ತೂರಿ’ ತಿಂಗಳಿಗೊಮ್ಮೆ ಎಂಬ ಲೆಕ್ಕವಿತ್ತು, ಕಾಯುವ ಸುಖವಿತ್ತು. ಧಾರಾವಾಹಿಯ ಪುಟಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದ ಹೆಣ್ಣುಮಕ್ಕಳನ್ನು ನಮ್ಮ ತಲೆಮಾರು ಕಂಡಿದೆ. ಒಬ್ಬರು ಕೊಂಡದ್ದನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಓದುತ್ತಿದ್ದರು. ಕಡೆಗೆ ರದ್ದಿಗೆ ಹಾಕಿದರೂ ನಾಲ್ಕು ಕಾಸು ಸಿಗುತ್ತಿತ್ತು.

ಆನ್‌ಲೈನ್ ಬರಹಕ್ಕೆ ಇವು ಯಾವುವೂ ಒದಗಲಿಲ್ಲ. ಕನ್ನಡದ ಜಾಲತಾಣಗಳು ಹುಟ್ಟಿದಾಗಿನಿಂದ ಪುಕ್ಕಟೆ. ಮೊದಲ ದಿನ ಕೇಳದ ದುಡ್ಡನ್ನು ಹತ್ತು ವರ್ಷ ಬಿಟ್ಟು ಕೇಳಿದರೆ ಓದುಗನಿಗೆ ಮೋಸ ಹೋದಂತಾಗುತ್ತದೆ. ಕೊಡಲು ಮನಸ್ಸಾದರೂ ಪಾಸ್‌ವರ್ಡ್, ಒಟಿಪಿ ಎಂದು ಹತ್ತು ಬಾಗಿಲು ದಾಟಬೇಕು. ಪತ್ರಿಕೆ ಏಜೆಂಟರು ಮನೆ ಬಾಗಿಲಿಗೇ ಬಂದು ‘ಚಂದಾ ಮುಗೀತು ಸಾರ್’ ಎನ್ನುತ್ತಿದ್ದರು, ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಹಾಗಂತ ಮೊಬೈಲ್ ಓದುಗ ದುಡ್ಡು ಕೊಡುತ್ತಲೇ ಇಲ್ಲವೆ? 2016ರಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ಹಳ್ಳಿಹಳ್ಳಿಗೂ ಅಗ್ಗವಾಯಿತು. ಅಲ್ಲಿಂದ ಇಲ್ಲಿಯವರೆಗೆ ತಪ್ಪದೆ ಕರೆನ್ಸಿ ಹಾಕಿಸುತ್ತಿದ್ದೇವೆ. ಆ ದುಡ್ಡಿನಲ್ಲಿ ಬರೆದವರಿಗೆ ಪಾಲಿಲ್ಲ. ಓದುಗ ಕೊಡದ ಕಡೆ ಜಾಹೀರಾತುದಾರ ಕೊಡುತ್ತಾನೆ, ಆಗ ಬರಹ ಅವನ ಕಡೆಗೆ ವಾಲುತ್ತದೆ. ಕಣ್ಣು ಕುಕ್ಕುವ ತಲೆಬರಹ, ಒಳಗೆ ಜೊಳ್ಳು. ಜೊಳ್ಳಿಗೆ ಯಾರೂ ಚಂದಾ ಕಟ್ಟುವುದಿಲ್ಲ.

ದಾರಿ ಇದೆ. ಜಗಳೂರಿನಲ್ಲಿ ಮಳೆ ನಂಬಿ ಮೆಕ್ಕೆಜೋಳ, ಶೇಂಗಾ ಹಾಕುವ ರೈತನಿಗೆ ಬೇಕಾದ ಬರಹವೇ ಬೇರೆ, ಹೊನ್ನಾಳಿಯ ತುಂಗಭದ್ರೆಯ ದಂಡೆಯವರಿಗೆ ಬೇಕಾದದ್ದೇ ಬೇರೆ. ಬೆಳೆಗಾರರಿಗೆ ‘ಅಡಿಕೆ ಪತ್ರಿಕೆ’ ಮಾಡಿದ್ದನ್ನು ಜಗಳೂರಿನ ಬೆದ್ದಲು ಹೊಲದವರಿಗೆ ಒಂದು ಜಾಲಪತ್ರಿಕೆ ಮಾಡಲಿ. ಗೊತ್ತಾದ ದಿನ ಸಂಚಿಕೆ ಬರಲಿ, ಇಳಿಸಿಕೊಂಡು ಇಟ್ಟುಕೊಳ್ಳುವಂತಿರಲಿ, ಚಂದಾ ಎಷ್ಟೆಂದು ಮೊದಲ ದಿನವೇ ನೇರವಾಗಿ ಕೇಳಲಿ. ಚಹದಂಗಡಿಯಲ್ಲಿ ಸ್ಕ್ಯಾನ್ ಮಾಡಿ ಹತ್ತು ರೂಪಾಯಿ ಕೊಡುವ ಕೈ ಅದಕ್ಕೂ ಕೊಡುತ್ತದೆ.

ಓದುಗರಲ್ಲಿ ಒಂದು ಮನವಿ. ಈ ತಿಂಗಳು ಕರೆನ್ಸಿ ಹಾಕಿಸುವಾಗ, ನೀವು ನಂಬಿ ಓದುವ ಒಂದು ಕನ್ನಡ ಪತ್ರಿಕೆಗೂ ಚಂದಾ ಕಟ್ಟಿ. ಅದು ಕಾಗದದ್ದಾದರೂ ಸರಿ, ಮೊಬೈಲಿನದಾದರೂ ಸರಿ.