ಪರಊರಿನಲ್ಲೊಂದು ಬಾಡಿಗೆಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಪರಊರಿನಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟು ನೋಡು ಎಂಬ ಮಾತನ್ನು ಅವರು ಸೇರಿಸದೆ ಹೋದುದಕ್ಕೆ ಕಾರಣ, ಅಂಥ ಸಾಹಸ ಅವರ ಕಾಲದಲ್ಲಿ ಅಪರೂಪವಾಗಿದ್ದುದೇ ಇರಬೇಕು. ಆ ಸಾಹಸಕ್ಕೆ ನಾವು ಕೈಹಾಕಿದೆವು. ನಮ್ಮಂತೆ ಅಂಜುತ್ತ ಅಂಜುತ್ತ ಹೆಜ್ಜೆಯಿಡುವ ಬಂಧುಗಳಿಗೆ ನೆರವಾದೀತೆಂದು ಆ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮದು ತಾಳವಾಡಿಯ ಕಡೆ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ಕೊಯಮತ್ತೂರು, ತಿರುಪ್ಪೂರು ನಮಗೆ ಕೆಳನಾಡು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲವನ್ನು ದಾಟಬೇಕು. ಆನೆಗಳು ಓಡಾಡುವ ಕಾಡುದಾರಿ. ರಾತ್ರಿಯ ವಾಹನ ಸಂಚಾರಕ್ಕೆ 2022ರಿಂದ ನ್ಯಾಯಾಲಯದ ನಿರ್ಬಂಧಗಳೂ ಉಂಟು. ಅವಸರಕ್ಕೆ ಒದಗುವ ದಾರಿ ಅದಲ್ಲ. ದೂರದ ಮನೆ ಎಂದು ನಾವು ಹೇಳುವುದು ಕೇವಲ ಮೈಲಿಗಳ ಲೆಕ್ಕದಿಂದಲ್ಲ.

ಇಬ್ಬರ ಉಳಿತಾಯವನ್ನೂ ಹಿರಿಯರು ಬಿಟ್ಟುಹೋದ ತುಂಡು ಜಮೀನು ಮಾರಿದ ಹಣವನ್ನೂ ಕೂಡಿಸಿದರೆ ನಮ್ಮ ಕೈಯಲ್ಲಿದ್ದುದು 25 ಲಕ್ಷ ರೂಪಾಯಿ. ಮಗಳ ಓದು, ಮುಂದೆ ಅವಳ ಮದುವೆ, ನಮ್ಮ ಮುಪ್ಪು, ಎಲ್ಲಕ್ಕೂ ಇದ್ದುದು ಅದೊಂದೇ ಗಂಟು. ಕಳೆದುಕೊಂಡರೆ ಮತ್ತೆ ಕೂಡಿಸುವ ವಯಸ್ಸು ನಮ್ಮದಾಗಿರಲಿಲ್ಲ.

ಎಂಟು ಬಾಗಿಲಿನ ಆಸೆ

ಮೊದಲು ನಮ್ಮ ಕಣ್ಣಿಗೆ ಬಿದ್ದುದು ತಿರುಪ್ಪೂರಿನ ಒಂದು ವಠಾರ. ಬನಿಯನ್ ಕಂಪನಿಗಳ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಇಂಥ ಮನೆಗಳನ್ನು ಅಲ್ಲಿಯವರು ‘ಲೈನ್ ವೀಡು’ ಎನ್ನುತ್ತಾರೆ. ನಮ್ಮ ಭಾವಮೈದುನನಿಗೆ ಉತ್ಸಾಹವೋ ಉತ್ಸಾಹ. “ಭಾವ, ಎಂಟು ಬಾಗಿಲು, ಎಂಟು ಬಾಡಿಗೆ. ಒಂದು ಖಾಲಿಯಾದರೂ ಏಳು ಬರುತ್ತವಲ್ಲ! ಉಳಿದ ಹಣಕ್ಕೆ ಬ್ಯಾಂಕು ಇದ್ದೇ ಇದೆ” ಎಂದ.

ಕೇಳಲು ಹಿತವಾದ ಮಾತು. ಆದರೆ ಆ ಎಂಟು ಮನೆಗಳವರೂ ಅನ್ನ ಕಾಣುವುದು ಒಂದೇ ಉದ್ಯಮದಿಂದ. 2011ರ ಜನವರಿಯಲ್ಲಿ, ನೊಯ್ಯಲ್ ನದಿಯ ಮಾಲಿನ್ಯದ ಕಾರಣದಿಂದ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಮದರಾಸು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿದಾಗ, ಆ ಊರಿನ ಕೆಲಸಗಾರರು ಅನೇಕರು ಗಂಟುಮೂಟೆ ಕಟ್ಟಿದರು. 2020ರ ಲಾಕ್‌ಡೌನ್‌ನಲ್ಲಿ ಒಡಿಶಾ, ಬಿಹಾರಗಳಿಂದ ಬಂದವರು ತಮ್ಮ ಊರಿನ ದಾರಿ ಹಿಡಿದರು. ಬಾಗಿಲು ಎಂಟಾದರೂ ಹೊಸ್ತಿಲು ಒಂದೇ ಎಂಬುದು ನಮಗೆ ಆಗ ಹೊಳೆಯಿತು.

ಆದರೂ ಆಸೆ ಬಿಡಲಿಲ್ಲ. ಮುಂಗಡ ಕೊಡುವ ಮೊದಲು ಕಾಗದಪತ್ರಗಳನ್ನು ವಕೀಲರ ಮುಂದಿಟ್ಟೆವು. ಸ್ವತ್ತು ತೀರಿಕೊಂಡ ತಂದೆಯ ಸ್ವಾರ್ಜಿತ, ಉಯಿಲು ಇರಲಿಲ್ಲ. ಮಾರಲು ಮುಂದೆ ಬಂದಿದ್ದವರು ಮೂವರು ಗಂಡುಮಕ್ಕಳು. ವಕೀಲರು ವಾರಸುದಾರರ ಪ್ರಮಾಣಪತ್ರದ ಮೇಲೆ ಬೆರಳಿಟ್ಟು, “ಇಲ್ಲೊಬ್ಬ ಮಗಳ ಹೆಸರಿದೆಯಲ್ಲ, ಈಕೆಯ ರುಜು ಎಲ್ಲಿ?” ಎಂದು ಕೇಳಿದರು.

ಅಣ್ಣತಮ್ಮಂದಿರು ನಕ್ಕುಬಿಟ್ಟರು. “ಮದುವೆಯಲ್ಲಿ ಚಿನ್ನ ಹಾಕಿ ಕಳುಹಿಸಿದ್ದೇವೆ. ಅವಳಿಗಿನ್ನೇನು ಪಾಲು?”

ಕಾನೂನು ಹಾಗೆ ಹೇಳುವುದಿಲ್ಲ. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಾರ್ಜಿತದಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. ಪಿತ್ರಾರ್ಜಿತದಲ್ಲಿ ತಮಿಳುನಾಡು 1989ರಲ್ಲಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು; 2005ರ ತಿದ್ದುಪಡಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಒಬ್ಬಳ ರುಜು ಇಲ್ಲದ ಕ್ರಯಪತ್ರದಿಂದ ಅವಳ ಪಾಲು ಕೊಂಡವನಿಗೆ ಬಾರದು. ಹತ್ತು ವರುಷ ಕಳೆದು ಆಕೆ ನ್ಯಾಯಾಲಯದ ಮೆಟ್ಟಿಲೇರಿದರೆ ನಾವೂ ಏರಬೇಕು.

“ಅಕ್ಕನನ್ನು ಕರೆತನ್ನಿ, ಆಕೆಗೆ ಸಲ್ಲುವುದನ್ನು ಸಲ್ಲಿಸಿ ರುಜು ಹಾಕಿಸಿ, ಆಮೇಲೆ ಮಾತನಾಡೋಣ” ಎಂದೆವು. ಅವರು ಮತ್ತೆ ಬರಲಿಲ್ಲ. ಭಾವಮೈದುನನಿಗೆ ಒಂದು ತಿಂಗಳು ನಮ್ಮ ಮೇಲೆ ಮುನಿಸು. ನಮಗೂ ಕೈಗೆ ಬಂದ ತುತ್ತು ಜಾರಿತಲ್ಲ ಎಂಬ ಹಳಹಳಿ ಇದ್ದೇ ಇತ್ತು. ಆದರೆ ನಮ್ಮ ಮಗಳ ಮುಖ ನೋಡಿದಾಗಲೆಲ್ಲ, ಎಲ್ಲಿಯೋ ಇರುವ ಆ ಹೆಣ್ಣುಮಗಳ ನೆನಪಾಗುತ್ತಿತ್ತು. ಆಕೆಯ ಪಾಲಿನ ಗೋಡೆಯಿಂದ ನಾವು ಬಾಡಿಗೆ ಎಣಿಸಿಕೊಳ್ಳುವುದು ಯಾವ ನ್ಯಾಯ?

ನೋಡಬೇಕಾದುದೇನು?

ಆ ಬಳಿಕ ನಾವೊಂದು ಪಟ್ಟಿ ಬರೆದುಕೊಂಡೆವು. ಮೊದಲನೆಯದು ಮೂಲಪತ್ರ ಮತ್ತು ‘ವಿಲ್ಲಂಗ’, ಅಂದರೆ ಋಣಭಾರ ಪ್ರಮಾಣಪತ್ರ. ಇದನ್ನು ನೋಂದಣಿ ಇಲಾಖೆಯ ಜಾಲತಾಣದಲ್ಲಿಯೇ ನೋಡಬಹುದು. ಮೂವತ್ತು ವರ್ಷಗಳದನ್ನು ನೋಡುವುದು ಒಳ್ಳೆಯದು. ಎರಡನೆಯದು ಪಟ್ಟಾ ಮಾರುವವರ ಹೆಸರಿನಲ್ಲಿದೆಯೇ ಎಂಬುದು. ಮೂರನೆಯದು ಬಡಾವಣೆಗೂ ಕಟ್ಟಡಕ್ಕೂ ಮಂಜೂರಾತಿ. ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಯನ್ನು ಮದರಾಸು ಉಚ್ಚ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ ತಡೆಯಿತು; ಬಳಿಕ 2017ರಲ್ಲಿ ಸಕ್ರಮದ ನಿಯಮಗಳು ಬಂದವು. ‘ಎಲ್ಲರೂ ಕಟ್ಟಿದ್ದಾರೆ’ ಎಂಬ ಮಾತು ಮಂಜೂರಾತಿಯಾಗದು.

ನಾಲ್ಕನೆಯದು, ಒಳಗಿರುವವರು ತಿಂಗಳ ಬಾಡಿಗೆಯವರೋ ಭೋಗ್ಯದವರೋ ಎಂಬುದು. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟು ಬಾಡಿಗೆಯಿಲ್ಲದೆ ಇರುವವರಿದ್ದರೆ, ಆ ಹಣವನ್ನು ಯಾರು ಮರಳಿಸುವರೆಂಬುದು ಕರಾರಿನಲ್ಲಿಯೇ ಬರಬೇಕು. ಐದನೆಯದು ನೀರು. ಕೊಳವೆಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಬೇಕು. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುವುದೆಂದು ಪಕ್ಕದ ಮನೆಯ ಗೃಹಿಣಿಯನ್ನು ಕೇಳಬೇಕು. ದಲ್ಲಾಳಿಗೆ ತಿಳಿಯದ್ದು ಆಕೆಗೆ ತಿಳಿದಿರುತ್ತದೆ.

ಅವಿನಾಶಿಯ ಮನೆ

ಹೀಗೆ ಒಂದು ವರುಷ ಅಲೆದು, 2023ರ ಕೊನೆಯಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿಯಲ್ಲಿ ಕೆಳಗೊಂದು ಮೇಲೊಂದು ಸಂಸಾರವಿರಬಹುದಾದ ಮನೆಯನ್ನು ಕೊಂಡೆವು. ಬೆಲೆ 32 ಲಕ್ಷ. ಮುದ್ರಾಂಕ ಮತ್ತು ವರ್ಗಾವಣೆ ಶುಲ್ಕ ನೂರಕ್ಕೆ 7, ನೋಂದಣಿಗೆ 2. ಇದೇ 2 ಲಕ್ಷ 88 ಸಾವಿರ. ವಕೀಲರು, ಪತ್ರಬರಹಗಾರರು ಎಲ್ಲ ಸೇರಿ 35 ಲಕ್ಷವಾಯಿತು. ಬ್ಯಾಂಕಿನ ಸಾಲ 10 ಲಕ್ಷ, ತಿಂಗಳ ಕಂತು ಸುಮಾರು 12,500 ರೂಪಾಯಿ.

ಬಾಡಿಗೆ ಎರಡೂ ಸೇರಿ 14,000, ವರ್ಷಕ್ಕೆ 1,68,000. ಇದನ್ನು ನೋಡಿ ಹಿಗ್ಗಬಾರದು. ವರ್ಷದಲ್ಲಿ ಒಂದು ತಿಂಗಳು ಖಾಲಿಯೆಂದು 14,000, ತೆರಿಗೆ ಮತ್ತು ನೀರಿನ ಬಾಬ್ತು 8,000, ಸುಣ್ಣಬಣ್ಣ ದುರಸ್ತಿಗೆ 12,000, ನೋಡಿಕೊಳ್ಳುವವರಿಗೆ 6,000 ಕಳೆದರೆ ಉಳಿಯುವುದು 1,28,000. ಹಾಕಿದ ಹಣಕ್ಕೆ ನೂರಕ್ಕೆ ನಾಲ್ಕೂ ಆಗಲಿಲ್ಲ. ಬ್ಯಾಂಕಿನ ಠೇವಣಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಬಾಡಿಗೆ ಏರುತ್ತ ಹೋದೀತು, ನೆಲದ ಬೆಲೆ ಬೆಳೆದೀತು ಎಂಬ ನಿರೀಕ್ಷೆಯಿಂದ ಕೊಂಡೆವೇ ಹೊರತು, ಆ ನಿರೀಕ್ಷೆಗೆ ಯಾರೂ ಹೊಣೆಯಲ್ಲ. ಆದಕಾರಣ ಆರು ಕಂತಿನ ಹಣ 75,000 ರೂಪಾಯಿಗಳನ್ನು ಬೇರೆ ತೆಗೆದಿಟ್ಟೆವು. ಅದಕ್ಕೆ ಹಬ್ಬಕ್ಕೂ ಕೈಹಾಕಬಾರದೆಂದು ನಮ್ಮ ನಮ್ಮಲ್ಲೇ ಕಟ್ಟಳೆ.

ನೋಡಿಕೊಳ್ಳಲು ಎರಡು ಬೀದಿ ಆಚೆಯ ದೇವಾಂಗ ಮನೆತನದ ಅಕ್ಕ ಒಬ್ಬರು ಒಪ್ಪಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ನಮ್ಮಂತೆಯೇ. ನಲ್ಲಿ ಕೆಟ್ಟರೆ ಕೊಳಾಯಿಯವನನ್ನು ಕರೆಸುವುದು ಅವರ ಹೊಣೆ, ಹಣ ಕಳುಹಿಸುವುದು ನಮ್ಮದು. ಉಪಕಾರವೆಂದು ಮಾಡಿಸಿಕೊಳ್ಳದೆ ಸಂಬಳವೆಂದು ಕೊಡುವುದರಿಂದ ಕೇಳಲು ಸಂಕೋಚವಿಲ್ಲ, ಮಾಡಲು ಬೇಸರವಿಲ್ಲ.

ಬಾಡಿಗೆಯ ಕರಾರನ್ನು ಬರೆಹದಲ್ಲಿಯೇ ಮಾಡಿ ನೋಂದಾಯಿಸಿದೆವು. 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯಿದೆ ಇದನ್ನು ಕಡ್ಡಾಯ ಮಾಡಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ವಿದ್ಯುತ್ ಮೀಟರು ಎರಡು ಮನೆಗೂ ಬೇರೆ ಬೇರೆ. ಎರಡು ತಿಂಗಳಿಗೆ ಮೊದಲ 100 ಯೂನಿಟ್ ಸರಕಾರ ಉಚಿತವಾಗಿ ಕೊಡುವಾಗ, ಆ ಲಾಭ ಬಾಡಿಗೆಯವರಿಗೇ ಸಲ್ಲಬೇಕಷ್ಟೆ.

ಪರೀಕ್ಷೆಯ ಕಾಲ

2025ರ ಆಗಸ್ಟ್ ತಿಂಗಳಲ್ಲಿ ಅಮೆರಿಕ ನಮ್ಮ ದೇಶದ ಸರಕಿನ ಮೇಲಿನ ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿತು. ತಿರುಪ್ಪೂರಿನ ರಫ್ತಿಗೆ ಪೆಟ್ಟು ಬಿತ್ತು. ಮೇಲಿನ ಮನೆಯ ಸಂಸಾರದಲ್ಲಿ ಗಂಡ ಟೈಲರು, ಹೆಂಡತಿ ಚೆಕಿಂಗ್ ಕೆಲಸದವಳು. ಇಬ್ಬರಿಗೂ ಪಾಳಿ ಕಡಿಮೆಯಾಯಿತು. ಅಕ್ಕನವರು ದೂರವಾಣಿಯಲ್ಲಿ, “ಎರಡು ತಿಂಗಳು ಅರ್ಧ ಬಾಡಿಗೆ ತಗೊಳ್ಳಿ ಅಂತ ಕೇಳ್ತಾ ಇದಾರೆ. ಒಳ್ಳೆಯ ಜನ, ಮಕ್ಕಳನ್ನ ಇಲ್ಲೇ ಸ್ಕೂಲಿಗೆ ಸೇರಿಸಿದಾರೆ” ಎಂದರು.

ನಾವು ಒಪ್ಪಿದೆವು. ಇದರಲ್ಲಿ ಔದಾರ್ಯವೇನೂ ಇಲ್ಲ. ಮನೆ ಖಾಲಿ ಬಿದ್ದಿದ್ದರೆ ನಷ್ಟ ಇನ್ನೂ ಹೆಚ್ಚಾಗುತ್ತಿತ್ತು. ಆದರೆ ಒಪ್ಪುವ ಧೈರ್ಯ ಕೊಟ್ಟುದು ಬೇರೆ ತೆಗೆದಿಟ್ಟ ಆ 75,000. ಎಂಟು ಬಾಗಿಲಿನ ವಠಾರವನ್ನು ದೊಡ್ಡ ಸಾಲದಲ್ಲಿ ಕೊಂಡಿದ್ದರೆ, ಅದೇ ಸಂಸಾರದ ಬಾಗಿಲಿಗೆ ನಾವು ಬೇರೆ ದನಿಯಲ್ಲಿ ಮಾತನಾಡಬೇಕಾಗಿ ಬರುತ್ತಿತ್ತೇನೋ.

ಬಂಧುಗಳೇ, ಮೊದಲ ಮನೆ ಚಿಕ್ಕದಿರಲಿ. ನಿಧಾನವಾದರೂ ಪತ್ರ ಶುದ್ಧವಾಗಿರಲಿ. ಮನೆಯ ಹೆಣ್ಣುಮಗಳ ರುಜು ಇದೆಯೇ ಎಂದು ಮೊದಲು ನೋಡಿ. ನಿಮ್ಮ ಸ್ವತ್ತನ್ನು ಮಾರುವಾಗಲೂ ಅದನ್ನು ಮರೆಯದಿರಿ. ನಮ್ಮ ಕ್ರಯಪತ್ರದಲ್ಲಿ ಮಾರಿದವರ ಕಡೆಯಿಂದ ಐದು ರುಜುಗಳಿವೆ. ಅವುಗಳಲ್ಲಿ ಎರಡು ಮದುವೆಯಾಗಿ ಹೋದ ಹೆಣ್ಣುಮಕ್ಕಳವು. ಪೆಟ್ಟಿಗೆಯಿಂದ ಅದನ್ನು ತೆಗೆದು ನೋಡಿದಾಗಲೆಲ್ಲ ನಮಗೆ ನೆಮ್ಮದಿ ಎನಿಸುವುದು ಆ ಎರಡು ಹೆಸರುಗಳನ್ನು ಕಂಡು.