ಹೊಸ ಲ್ಯಾಪ್‌ಟಾಪ್: ಮೊದಲ ದಿನವೇ ಮಾಡಬೇಕಾದ ಕೆಲಸಗಳು



ವಿದ್ಯಾರ್ಥಿವೇತನದ ಹಣಕ್ಕೆ ಮನೆಯ ಉಳಿತಾಯವನ್ನೂ ಸೇರಿಸಿ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಹಲವು ಮನೆಗಳಿಗೆ ಅದೇ ಮೊದಲ ಕಂಪ್ಯೂಟರ್. ಕಳೆದ ವರ್ಷ ಹೀಗೆ ಕೊಂಡ ಒಬ್ಬ ವಿದ್ಯಾರ್ಥಿನಿ ಮತ್ತು ಆಕೆಯ ತಂದೆ ಎರಡು ತಿಂಗಳೊಳಗೆ ನಮ್ಮ ಕಚೇರಿಗೆ ಬಂದಿದ್ದರು. ಲ್ಯಾಪ್‌ಟಾಪ್ ತೆರೆದಾಗಲೆಲ್ಲ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ನವೀಕರಿಸಿ" ಎಂಬ ಕೆಂಪು ಸೂಚನೆ. "ದುಡ್ಡು ಕಟ್ಟದಿದ್ದರೆ ಮಿಷನ್ ಕೆಟ್ಟು ಹೋಗುತ್ತದಾ?" ಎಂದು ತಂದೆ ಕೇಳಿದರು. ಏನೂ ಕೆಟ್ಟಿರಲಿಲ್ಲ. ಲ್ಯಾಪ್‌ಟಾಪಿನ ಜೊತೆ ಉಚಿತವಾಗಿ ಬಂದಿದ್ದ ಒಂದು ಆ್ಯಂಟಿವೈರಸ್‌ನ ಪ್ರಾಯೋಗಿಕ ಅವಧಿ ಮುಗಿದಿತ್ತು, ಅಷ್ಟೆ. ಅದನ್ನು ತೆಗೆದುಹಾಕಿದೆವು, ಸೂಚನೆ ನಿಂತಿತು. ಅವರು ಕಟ್ಟಲು ಹೊರಟಿದ್ದ ಹಣ ಪುಸ್ತಕಗಳಿಗೆ ಉಳಿಯಿತು.

ಇಂಥ ಗೊಂದಲ ಇತರರಿಗೆ ಆಗಬಾರದೆಂದು ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ. ಇದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಿಗೆ ಅನ್ವಯಿಸುತ್ತದೆ.

ಬೇಡದ ತಂತ್ರಾಂಶ ಏಕೆ ಬರುತ್ತದೆ?

ಆ್ಯಂಟಿವೈರಸ್, ಆಟಗಳು, ಶಾಪಿಂಗ್ ಕೊಂಡಿಗಳು ಮೊದಲಾದವನ್ನು ತಯಾರಿಸುವವರು ಅವನ್ನು ಹೊಸ ಯಂತ್ರದಲ್ಲಿ ಹಾಕಿಸಲು ಲ್ಯಾಪ್‌ಟಾಪ್ ಕಂಪನಿಗೆ ಹಣ ಕೊಡುತ್ತಾರೆ. ಮುಂದೆ ನೀವು ಚಂದಾ ಕಟ್ಟುತ್ತೀರಿ ಎಂಬುದು ಅವರ ಲೆಕ್ಕಾಚಾರ. ಇವುಗಳಲ್ಲಿ ಹಲವು ಲ್ಯಾಪ್‌ಟಾಪ್ ಶುರುವಾದಾಗ ತಾವೂ ಶುರುವಾಗಿ ಮೆಮೊರಿ ತಿನ್ನುತ್ತವೆ. ಕಡಿಮೆ ಬೆಲೆಯ, 8 ಜಿಬಿ ಮೆಮೊರಿಯ ಯಂತ್ರದಲ್ಲಿ ಇದು ಬೇಗ ಗೊತ್ತಾಗುತ್ತದೆ.

ಇದು ವೇಗದ ಪ್ರಶ್ನೆ ಮಾತ್ರವಲ್ಲ. 2014ರಲ್ಲಿ ಲೆನೊವೊ ಕಂಪನಿ ಕೆಲವು ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಹಾಕಿ ಮಾರಿತು. ಅದು ಬ್ರೌಸರ್ ಮತ್ತು ವೆಬ್‌ಸೈಟ್ ನಡುವೆ ತಾನೇ ಕೂತು, ಸುರಕ್ಷಿತ ಪುಟಗಳನ್ನೂ ಬಿಡಿಸಿ ಜಾಹೀರಾತು ಸೇರಿಸುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಒಂದೇ ಗುಪ್ತಕೀಲಿ ಇದ್ದುದರಿಂದ, ಅದು ಸಿಕ್ಕವರು ಬ್ಯಾಂಕಿನ ಹೆಸರಲ್ಲಿ ನಕಲಿ ಪುಟ ತೋರಿಸಿದರೂ ಬ್ರೌಸರ್ ನಂಬಿಬಿಡುವ ಸ್ಥಿತಿ ಇತ್ತು. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾದ ಮೇಲೆ ಕಂಪನಿ ಅದನ್ನು ತೆಗೆಯುವ ಸಾಧನ ಕೊಟ್ಟಿತು. ಅಮೆರಿಕದಲ್ಲಿ ಈ ಪ್ರಕರಣ 2017ರಲ್ಲಿ ರಾಜಿಯಾಯಿತು.

ಹಂತ ಹಂತವಾಗಿ

1. ಖಾತೆ ನಿಮ್ಮದೇ ಇರಲಿ. ಇದು ಎಲ್ಲಕ್ಕಿಂತ ಮುಖ್ಯ. ಅಂಗಡಿಯವರು "ನಾವೇ ಸೆಟ್ ಮಾಡಿ ಕೊಡುತ್ತೇವೆ" ಎಂದು ತಮ್ಮ ಇಮೇಲ್ ಹಾಕಲು ಬಿಡಬೇಡಿ. ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸ್ ಪರವಾನಗಿ ಆ ಖಾತೆಗೇ ಅಂಟಿಕೊಳ್ಳುತ್ತದೆ. ಹೊಸ ಯಂತ್ರಗಳಲ್ಲಿ ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆಯ ರಿಕವರಿ ಕೀ ಕೂಡ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಯಂತ್ರ ಆ 48 ಅಂಕಿಗಳನ್ನು ಕೇಳಿದಾಗ ಖಾತೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ನಿಮ್ಮ ಪ್ರಾಜೆಕ್ಟ್ ನಿಮಗೇ ಸಿಗುವುದಿಲ್ಲ. ಇಮೇಲ್, ಪಾಸ್‌ವರ್ಡ್, ರಿಕವರಿ ಕೀ ಮೂರನ್ನೂ ಒಂದು ಹಾಳೆಯಲ್ಲಿ ಬರೆದು, ಅಂಕಪಟ್ಟಿ ಇಡುವ ಕಡತದಲ್ಲೇ ಇಡಿ.

2. ಜಾಹೀರಾತು, ಸ್ಥಳದ ಮಾಹಿತಿ ಇತ್ಯಾದಿಗೆ ಅನುಮತಿ ಕೇಳಿದಾಗ ಬೇಡದ್ದಕ್ಕೆ "ನೋ" ಎನ್ನಿ. ಇದರಿಂದ ನಿಮ್ಮ ಓದಿಗೆ ತೊಂದರೆಯಿಲ್ಲ.

3. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಎಲ್ಲ ಅಪ್‌ಡೇಟ್ ಮುಗಿಸಿ. ಡೇಟಾ ಹೆಚ್ಚು ಬೇಕಾಗುತ್ತದೆ. ಕಾಲೇಜಿನ ವೈಫೈ ಸಿಕ್ಕರೆ ಅಲ್ಲೇ ಮಾಡಿ.

4. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ. ಹೆಸರಿನ ಎದುರಿನ ಮೂರು ಚುಕ್ಕೆ ಒತ್ತಿದರೆ ಅನ್‌ಇನ್‌ಸ್ಟಾಲ್ ಕಾಣುತ್ತದೆ. ಆಟಗಳು, ಶಾಪಿಂಗ್ ಆ್ಯಪ್, ಪ್ರಾಯೋಗಿಕ ಆ್ಯಂಟಿವೈರಸ್ ಇವನ್ನು ಒಂದೊಂದಾಗಿ ತೆಗೆಯಿರಿ. ಆ್ಯಂಟಿವೈರಸ್ ಹೋದ ಮೇಲೆ ಯಂತ್ರವನ್ನು ಮರುಪ್ರಾರಂಭಿಸಿ.

5. ಈಗ ವಿಂಡೋಸ್ ಸೆಕ್ಯೂರಿಟಿ ತೆರೆದು ನೋಡಿ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಎಂಬ ಉಚಿತ ರಕ್ಷಣೆ ಬೇರೆ ಆ್ಯಂಟಿವೈರಸ್ ಇರುವಾಗ ಹಿಂದೆ ಸರಿದಿರುತ್ತದೆ. ಅದು ಹೋದೊಡನೆ ತಾನಾಗಿ ಕೆಲಸಕ್ಕೆ ಬರುತ್ತದೆ. ಹಸಿರು ಗುರುತು ಕಂಡರೆ ಸಾಕು, ವಿದ್ಯಾರ್ಥಿಯ ದಿನನಿತ್ಯದ ಬಳಕೆಗೆ ಬೇರೆ ಆ್ಯಂಟಿವೈರಸ್ ಕೊಳ್ಳಬೇಕಿಲ್ಲ.

6. ಆ್ಯಪ್ಸ್ ಒಳಗಿನ ಸ್ಟಾರ್ಟ್‌ಅಪ್‌ನಲ್ಲಿ, ಶುರುವಿನಲ್ಲೇ ಬೇಕಿಲ್ಲದ ಆ್ಯಪ್‌ಗಳನ್ನು ಆಫ್ ಮಾಡಿ. ಇದು ಯಾವುದನ್ನೂ ಅಳಿಸುವುದಿಲ್ಲ.

ಮುಟ್ಟಬಾರದವು

ಇಂಟೆಲ್, ಎಎಮ್‌ಡಿ, ಎನ್‌ವಿಡಿಯಾ, ರಿಯಲ್‌ಟೆಕ್ ಎಂಬ ಹೆಸರಿನವು ಹೆಚ್ಚಾಗಿ ಪರದೆ, ಧ್ವನಿ, ವೈಫೈಗೆ ಬೇಕಾದ ಡ್ರೈವರ್‌ಗಳು. ವಿಷುಯಲ್ ಸಿ++ ಎಂದಿರುವವು ಇತರ ತಂತ್ರಾಂಶಗಳಿಗೆ ಆಧಾರ. ಲ್ಯಾಪ್‌ಟಾಪ್ ಕಂಪನಿಯದೇ ಅಪ್‌ಡೇಟ್ ಸಾಧನವನ್ನೂ ಉಳಿಸಿಕೊಳ್ಳಿ. ಯಾವುದು ಏನೆಂದು ತಿಳಿಯದಿದ್ದರೆ ಬಿಟ್ಟುಬಿಡಿ, ತಿಳಿದವರನ್ನು ಕೇಳಿ. "ಒಂದೇ ಕ್ಲಿಕ್‌ನಲ್ಲಿ ಸ್ವಚ್ಛ" ಎನ್ನುವ ಕ್ಲೀನರ್‌ಗಳನ್ನು ಹಾಕಬೇಡಿ. ಒಂದು ಕಸ ತೆಗೆಯಲು ಹೋಗಿ ಇನ್ನೊಂದನ್ನು ತಂದಂತಾಗುತ್ತದೆ.

ತೆಗೆದ ಮೇಲೆ ಹಾಕಿಕೊಳ್ಳಬೇಕಾದವು

ಬಿಲ್ಲಿನಲ್ಲಿ ಆಫೀಸ್ ಇದ್ದರೆ ಮೊದಲ ವಾರದಲ್ಲೇ ನಿಮ್ಮ ಖಾತೆಯಿಂದ ಸಕ್ರಿಯಗೊಳಿಸಿ. ಅದು ಪೂರ್ಣ ಆವೃತ್ತಿಯೋ ಪ್ರಾಯೋಗಿಕವೋ ಎಂದು ಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ ಲಿಬ್ರೆ ಆಫೀಸ್ ಉಚಿತವಾಗಿದೆ, ಅದರಲ್ಲಿ ಕನ್ನಡವನ್ನೂ ಬರೆಯಬಹುದು. ಕ್ರ್ಯಾಕ್ ಮಾಡಿದ ಪ್ರತಿಗಳನ್ನು ಯಾರು ಕೊಟ್ಟರೂ ಬೇಡ. ವೈರಸ್ ಬರುವ ಸುಲಭ ದಾರಿಗಳಲ್ಲಿ ಅದೂ ಒಂದು. ಕನ್ನಡ ಬರೆಯಲು ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಫೋನೆಟಿಕ್ ಕೀಲಿಮಣೆ ಸಿಗುತ್ತದೆ.

ಕೊನೆಯದಾಗಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಸ್ಕ್ಯಾನ್ ಪ್ರತಿಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟು, ಪೆನ್‌ಡ್ರೈವ್‌ನಲ್ಲೂ ಒಂದು ನಕಲು ಮಾಡಿಕೊಳ್ಳಿ. ಕೇಂದ್ರದ ಎನ್‌ಎಸ್‌ಪಿ, ರಾಜ್ಯದ ಎಸ್‌ಎಸ್‌ಪಿ, ನಮ್ಮ ಟ್ರಸ್ಟಿನ ಅರ್ಜಿ, ಎಲ್ಲಕ್ಕೂ ಇದು ನೆರವಾಗುತ್ತದೆ. ಗಡುವಿನ ಕೊನೆಯ ದಿನ ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಇಷ್ಟಕ್ಕೆಲ್ಲ ಒಂದು ಮಧ್ಯಾಹ್ನ ಸಾಕು. ನೀವೇ ಮಾಡಿ, ತಮ್ಮ ತಂಗಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲ್ಲಿಯಾದರೂ ತಡವರಿಸಿದರೆ ಸಂಕೋಚಪಡದೆ ಲ್ಯಾಪ್‌ಟಾಪ್ ಮತ್ತು ಬಿಲ್ಲಿನೊಂದಿಗೆ ಕಚೇರಿಗೆ ಬನ್ನಿ. ಯಾವ ಕೆಂಪು ಸೂಚನೆ ಹೆದರಿಸಿದರೂ, ಹಣ ಕಟ್ಟುವ ಮೊದಲು ಒಮ್ಮೆ ನಮ್ಮನ್ನು ಕೇಳಿ.