ಡೀಸೆಲ್ ಶುದ್ಧವೇ? ಮನೆಯಲ್ಲಿ ನೋಡುವ ಬಗೆ

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ವಿದ್ಯುತ್ತು ನಿಂತಾಗ ಲಿಫ್ಟನ್ನೂ ನೀರಿನ ಪಂಪನ್ನೂ ನಡೆಸುವುದು ಡೀಸೆಲ್ ಜನರೇಟರು. ಮೇಲಿನ ಮಹಡಿಯ ಹೃದ್ರೋಗಿಗೆ ಆ ವೇಳೆಯಲ್ಲಿ ಅದೇ ಆಸರೆ. ಆದರೂ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಡೀಸೆಲ್ಲಿನ ಯೋಗಕ್ಷೇಮ ವಿಚಾರಿಸುವವರು ವಿರಳ.

ಡೀಸೆಲ್ಲಿನ ಮೊದಲ ಶತ್ರು ನೀರು. ಟ್ಯಾಂಕು ಅರ್ಧ ಬರಿದಾಗಿದ್ದರೆ ಒಳಗಿನ ಗಾಳಿಯ ತೇವವು ತಂಪಿಗೆ ಹನಿಗಟ್ಟಿ ತಳ ಸೇರುತ್ತದೆ. ಸಡಿಲವಾದ ಮುಚ್ಚಳದಿಂದ ಮಳೆನೀರೂ ಇಳಿಯಬಹುದು. ನೀರೂ ಡೀಸೆಲ್ಲೂ ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಅವುಗಳ ಲೋಳೆ ಫಿಲ್ಟರನ್ನು ಮುಚ್ಚುತ್ತದೆ. ಎಂಜಿನ್ನು ಬೇಕಾದ ಹೊತ್ತಿಗೇ ನಿಲ್ಲುತ್ತದೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಒಣಗಿದ, ಬಣ್ಣವಿಲ್ಲದ ಗಾಜಿನ ಶೀಸೆಯಲ್ಲಿ ಟ್ಯಾಂಕಿನ ತಳದ ಡೀಸೆಲ್ ಹಿಡಿದು ಹಗಲು ಬೆಳಕಿಗೆ ನೋಡಬೇಕು. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಮಬ್ಬಾಗಿದ್ದರೆ ನೀರಿನ ಶಂಕೆ. ಶೀಸೆಯನ್ನು ಮುಚ್ಚಿ ಒಂದು ರಾತ್ರಿ ಅಲುಗಿಸದೆ ಇಟ್ಟರೆ, ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ತಳದಲ್ಲಿ ಪ್ರತ್ಯೇಕವಾಗಿ ನಿಲ್ಲುತ್ತದೆ. ನಡುವೆ ಕಪ್ಪು ಪದರ ಕಂಡರೆ ಸೂಕ್ಷ್ಮಜೀವಿಗಳ ಗುಮಾನಿಯುಂಟು. ಬಿಳಿಯ ಬಟ್ಟೆಯಲ್ಲಿ ಸೋಸಿದರೆ ತುಕ್ಕು, ಮರಳು ಉಳಿಯುತ್ತವೆ.

ಸೀಮೆಎಣ್ಣೆಯ ಕಲಬೆರಕೆ ಮಾತ್ರ ಈ ಪರೀಕ್ಷೆಗಳಿಗೆ ಸಿಕ್ಕದು. ಫಿಲ್ಟರ್ ಕಾಗದದ ಮೇಲೆ ಹನಿಯಿಟ್ಟು ಕಲೆ ನೋಡುವ ಕ್ರಮ ಪೆಟ್ರೋಲಿಗೆ ಸಲ್ಲುವುದು. ಶುದ್ಧ ಡೀಸೆಲ್ಲೂ ಎಣ್ಣೆಕಲೆ ಬಿಡುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಾಂದ್ರತೆಯನ್ನು ಅಳೆದು ತೋರಿಸುವಂತೆ ಗ್ರಾಹಕರು ಕೇಳಬಹುದು. 15 ಡಿಗ್ರಿ ಸೆಂಟಿಗ್ರೇಡಿಗೆ ಲೆಕ್ಕಹಾಕಿದ ಅಂಕಿಯು ದಾಖಲೆಯ ಅಂಕಿಗಿಂತ ಘನಮೀಟರಿಗೆ 3 ಕಿಲೋಗ್ರಾಂಗೂ ಹೆಚ್ಚು ಏರುಪೇರಾದರೆ ಸಂಶಯಕ್ಕೆ ಎಡೆಯುಂಟು. ಅಂತಿಮ ತೀರ್ಮಾನ ಪ್ರಯೋಗಾಲಯದ್ದು. ಈ ಕಲಬೆರಕೆಯನ್ನು ತಡೆಯಹೊರಟ, ಮೈಸೂರಿನಲ್ಲಿ ಓದಿದ ತರುಣ ಅಧಿಕಾರಿ ಮಂಜುನಾಥ್ ಷಣ್ಮುಗಂ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದುದು ದೇಶ ಮರೆಯಬಾರದ ಸಂಗತಿ.

ಪರೀಕ್ಷಿಸುವಾಗ ಎಚ್ಚರವೂ ಬೇಕು. ಡೀಸೆಲ್ಲನ್ನು ಕೊಳವೆಯಿಟ್ಟು ಬಾಯಿಯಿಂದ ಎಳೆಯುವ ವಾಡಿಕೆ ಅಪಾಯಕಾರಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತವಾದೀತು. ಯಾರಾದರೂ ನುಂಗಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಾದರಿಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬಾರದು. ಮಕ್ಕಳ ಕೈಗೆ ಎಟುಕದಂತೆ, ಹೆಸರು ಬರೆದು ಇಡಬೇಕು. ಬೆಂಕಿಯ ಬಳಿ ತರುವುದಾಗಲಿ ಕಾಯಿಸಿ ನೋಡುವುದಾಗಲಿ ಕೂಡದು. ಉಳಿದುದನ್ನು ಚರಂಡಿಗೆ ಚೆಲ್ಲದೆ ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಲೇಸು.

ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸಾರಿದೆ. ಆದುದರಿಂದ ಜನರೇಟರು ಕಪ್ಪು ಹೊಗೆ ಕಾರತೊಡಗಿದರೆ ಅದನ್ನು ಕಡೆಗಣಿಸದೆ, ಇಂಧನ, ಫಿಲ್ಟರು, ಎಂಜಿನ್ನು ಮೂರನ್ನೂ ತೋರಿಸಬೇಕು. ಮಳೆಗಾಲಕ್ಕೆ ಮುನ್ನ ತಳದ ನೀರನ್ನು ತೆಗೆಸಿ, ಮುಚ್ಚಳ ಬಿಗಿಗೊಳಿಸಿ, ಟ್ಯಾಂಕನ್ನು ಸಾಧ್ಯವಾದಷ್ಟು ತುಂಬಿಟ್ಟರೆ ಕತ್ತಲ ರಾತ್ರಿಯಲ್ಲಿ ಲಿಫ್ಟು ನಡುದಾರಿಯಲ್ಲಿ ನಿಲ್ಲುವ ಭಯ ಬಹುಮಟ್ಟಿಗೆ ತಪ್ಪುತ್ತದೆ.